ಗುಳಿಗೆಯೂ ಪರೀಕ್ಷೆ ಪಾಸಾಗಬೇಕು

ತುರ್ವಿಹಾಳದ ಮೆಡಿಕಲ್ ಅಂಗಡಿಯಲ್ಲಿ ನಿಮಿಷದಲ್ಲಿ ಕೈಗೆ ಸಿಗುವ ಗುಳಿಗೆ, ಅಲ್ಲಿಗೆ ಬರುವ ಮುಂಚೆ ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಪರೀಕ್ಷೆ ಎದುರಿಸಿರುತ್ತದೆ.

ಮೊದಲು ಪ್ರಯೋಗಾಲಯ, ಬಳಿಕ ಪ್ರಾಣಿಗಳು, ಆಮೇಲೆ ಮನುಷ್ಯರು. ಒಂದನೇ ಹಂತದಲ್ಲಿ ಕೆಲವೇ ಸ್ವಯಂಸೇವಕರಿಗೆ ಕೊಟ್ಟು ಎಷ್ಟು ಪ್ರಮಾಣ ಸುರಕ್ಷಿತ ಎಂದು ನೋಡುತ್ತಾರೆ. ಎರಡನೆಯದರಲ್ಲಿ ರೋಗಿಗಳಿಗೆ ಗುಣ ಕಾಣುತ್ತದೆಯೇ ಎಂಬ ಪರಿಶೀಲನೆ. ಮೂರನೆಯದರಲ್ಲಿ ನೂರಾರು, ಸಾವಿರಾರು ರೋಗಿಗಳಲ್ಲಿ ಹಳೆಯ ಚಿಕಿತ್ಸೆಯೊಂದಿಗೆ ಹೋಲಿಕೆ.

ಇಷ್ಟು ಜನ ಯಾಕೆ ಬೇಕು? ಬೆಂಗಳೂರಿನ ಬಯೋಕಾನ್ 2013ರಲ್ಲಿ ಸೋರಿಯಾಸಿಸ್‌ಗಾಗಿ ಮಾರುಕಟ್ಟೆಗೆ ತಂದ ಇಟೋಲಿಜುಮ್ಯಾಬ್ ಔಷಧಕ್ಕೆ 2020ರ ಜುಲೈನಲ್ಲಿ ಕೋವಿಡ್ ರೋಗಿಗಳ ತುರ್ತು ಬಳಕೆಗೆ ಅನುಮತಿ ಸಿಕ್ಕಿತು. ಪ್ರಯೋಗದಲ್ಲಿದ್ದವರು 30 ರೋಗಿಗಳು ಮಾತ್ರ. ಕೋವಿಡ್ ರಾಷ್ಟ್ರೀಯ ಕಾರ್ಯಪಡೆ ಅದನ್ನು ಚಿಕಿತ್ಸಾ ಮಾರ್ಗಸೂಚಿಗೆ ಸೇರಿಸಲಿಲ್ಲ. ಮದ್ದು ಕೆಟ್ಟದ್ದೆಂದಲ್ಲ, 30 ಮಂದಿಯಲ್ಲಿ ಕಂಡ ಗುಣ ಆಕಸ್ಮಿಕವೂ ಇರಬಹುದು.

ಹತ್ತು ಸಾವಿರಕ್ಕೊಬ್ಬರಿಗೆ ಆಗುವ ತೊಂದರೆ ಮೂರನೇ ಹಂತದಲ್ಲೂ ಕಣ್ಣಿಗೆ ಬೀಳದೆ ಹೋಗಬಹುದು. ಆದ್ದರಿಂದ ಮಾರಾಟ ಶುರುವಾದ ಮೇಲೂ ನಿಗಾ ಇಡುತ್ತಾರೆ. ಇದಕ್ಕೆಂದೇ 2010ರಲ್ಲಿ ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಆರಂಭವಾಯಿತು.

ಗುಳಿಗೆ ನುಂಗಿ ಮೈತುಂಬ ದದ್ದು ಎದ್ದರೆ ನಮ್ಮ ಕಡೆ ‘ಮೈಗೆ ಹತ್ತಲಿಲ್ಲ’ ಎಂದು ಸುಮ್ಮನಾಗುವವರೇ ಹೆಚ್ಚು. ಹಾಗೆ ಬಿಡದೆ ವೈದ್ಯರಿಗೆ ತೋರಿಸಿ, ಉಚಿತ ಸಹಾಯವಾಣಿ 1800-180-3024ಕ್ಕೂ ತಿಳಿಸಿ. ಇಂಥ ವರದಿಗಳನ್ನು ಕಲೆಹಾಕಿ ಪರಿಶೀಲಿಸುವುದೇ ಇಂದು ಒಂದು ಉದ್ಯೋಗ. ಬಿ.ಫಾರ್ಮ್, ಫಾರ್ಮ್‌.ಡಿ ಓದುತ್ತಿರುವ ಗೆಳೆಯರು ಮೆಡಿಕಲ್ ಅಂಗಡಿಯಾಚೆಗಿನ ಈ ದಾರಿಯನ್ನೂ ನೋಡಿಕೊಳ್ಳಬಹುದು.