ಆಶ್ಲಿ ನದಿ ದಂಡೆಯ ಅಜೇಲಿಯಾ

ಅಮೆರಿಕದ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದ ಹೊರಗೆ, ಆಶ್ಲಿ ನದಿಯ ದಂಡೆಯಲ್ಲಿ ಮ್ಯಾಗ್ನೋಲಿಯಾ ಎಂಬ ಹಳೆಯ ತೋಟವಿದೆ. ಮಾರ್ಚ್ ನಡುವಿನಿಂದ ಏಪ್ರಿಲ್ ಮೊದಲ ದಿನಗಳವರೆಗೆ ಅಲ್ಲಿ ಅಜೇಲಿಯಾ ಸುಗ್ಗಿ. ಆಳೆತ್ತರದ ಪೊದೆಗಳಲ್ಲಿ ಎಲೆ ಕಾಣದಷ್ಟು ಹೂ: ಗುಲಾಬಿ, ಬಿಳಿ, ನೇರಳೆ, ಕೆಂಪು.

ಪಾದ್ರಿ ಜಾನ್ ಗ್ರಿಮ್ಕೆ ಡ್ರೇಟನ್ 1840ರ ದಶಕದಲ್ಲಿ ಇಲ್ಲಿ ಅಜೇಲಿಯಾ ನೆಡಿಸಿದರು. ಕ್ಷಯ ತಗಲಿದ್ದ ಅವರಿಗೆ ಬಯಲಲ್ಲಿ ಮಣ್ಣಿನ ಕೆಲಸ ಮಾಡಿ ಎಂದು ವೈದ್ಯರು ಹೇಳಿದ್ದರಂತೆ. ಆದರೆ ಆ ನೆಲವನ್ನು ಅಗೆದು ಹದ ಮಾಡಿದವರು ಗುಲಾಮರಾಗಿದ್ದ ಆಫ್ರಿಕನ್ನರು. ಅಂತರ್ಯುದ್ಧ ಮುಗಿದು, 1870ರಲ್ಲಿ ತೋಟ ಸಾರ್ವಜನಿಕರಿಗೆ ತೆರೆದ ಮೇಲೂ, ಬಿಡುಗಡೆಗೊಂಡ ಕುಟುಂಬಗಳ ಕೈಗಳೇ ಈ ಗಿಡಗಳನ್ನು ಸಾಕಿದವು. ಮ್ಯಾಗ್ನೋಲಿಯಾದ ಚೆಲುವನ್ನು ಹೊಗಳುವಾಗ ಮೊದಲು ನೆನೆಯಬೇಕಾದವರು ಅವರೇ.

1931ರಲ್ಲಿ ಇದೇ ಚಾರ್ಲ್ಸ್‌ಟನ್ ಸೀಮೆಯಲ್ಲಿ ಹೊಸದೊಂದು ರೋಗ ಕಣ್ಣಿಗೆ ಬಿತ್ತು. ಬಣ್ಣದ ಎಸಳಿನ ಮೇಲೆ ಗುಂಡುಸೂಜಿ ತಲೆಯಷ್ಟು ಬಿಳಿ ಚುಕ್ಕೆ. ಬಿಳಿ ಹೂವಿನಲ್ಲಾದರೆ ಕಂದು ಚುಕ್ಕೆ. ಎರಡು ಮೂರು ದಿನದೊಳಗೆ ಇಡೀ ಹೂವು ಲೋಳೆಯಾಗಿ ಕೊಳೆತು, ಒಣಗಿ, ಉದುರದೆ ಗಿಡಕ್ಕೇ ಅಂಟಿಕೊಳ್ಳುತ್ತಿತ್ತು. ಓವುಲಿನಿಯಾ ಅಜೇಲಿಯೇ ಎಂಬ ಶಿಲೀಂಧ್ರದ ಕೆಲಸವಿದು. ಅನುಮಾನವಿದ್ದರೆ ಚುಕ್ಕೆಯಿರುವ ಎಸಳನ್ನು ಬೆರಳುಗಳ ನಡುವೆ ಮೆಲ್ಲಗೆ ತಿಕ್ಕಿ ನೋಡಬಹುದು: ರೋಗವಾದರೆ ಆ ಜಾಗ ಜಾರುಜಾರಾಗಿ ಕರಗಿಹೋಗುತ್ತದೆ, ಮಳೆಯ ಪೆಟ್ಟೋ ಕೀಟದ ಕಡಿತವೋ ಆಗಿದ್ದರೆ ಹಾಗಾಗದು.

ಈ ಶಿಲೀಂಧ್ರ ಎಲೆ, ಕಾಂಡಗಳ ತಂಟೆಗೆ ಹೋಗುವುದಿಲ್ಲ. ಒಣಗಿದ ಎಸಳಿನಲ್ಲಿ ಪುಟ್ಟ ಕಪ್ಪು ಗಂಟುಗಳು ಕಟ್ಟಿ, ನೆಲಕ್ಕೆ ಬಿದ್ದು, ಚಳಿಗಾಲ ಕಳೆಯುತ್ತವೆ. ವಸಂತದ ತಂಪು ತೇವಕ್ಕೆ ಅವುಗಳಿಂದ ಬಟ್ಟಲಿನಾಕಾರದ ಸಣ್ಣ ಅಣಬೆ ಎದ್ದು, ಮೇಲಕ್ಕೆ ಬೀಜಕಣ ಚಿಮ್ಮಿಸುತ್ತದೆ. ಮೊದಲು ತಾಗುವುದು ನೆಲಕ್ಕೆ ಹತ್ತಿರದ ಹೂಗಳಿಗೆ. ಅಲ್ಲಿಂದ ಮುಂದೆ ಗಾಳಿ, ಮಳೆಹನಿ, ಕೀಟಗಳು ಹರಡುತ್ತವೆ. ಹಾಗಾಗಿ ಅಜೇಲಿಯಾ ಸಾಕುವವರ ನಿಜವಾದ ಕೆಲಸ ಗಿಡದ ಬುಡದಲ್ಲಿದೆ. ಕೆಟ್ಟ ಹೂಗಳನ್ನು ಕೈಯಿಂದ ಬಿಡಿಸಬೇಕು, ಉದುರಿದ್ದನ್ನು ಗುಡಿಸಿ ತೋಟದಾಚೆ ಹಾಕಬೇಕು, ಹಳೆಯ ತರಗು ತೆಗೆದು ಹೊಸದಾಗಿ ಹೊದಿಸಬೇಕು. ಹೂ ಬಿಟ್ಟ ದಿನಗಳಲ್ಲಿ ಗಿಡದ ತಲೆಯ ಮೇಲೆ ನೀರು ಹೊಯ್ಯಬಾರದು. ಮೊಗ್ಗು ಬಣ್ಣ ತಿರುಗುವಾಗ ಔಷಧಿ ಹೊಡೆದರೆ ಉಪಯೋಗವುಂಟು; ಕೊಳೆತ ಹೂವಿಗೆ ಹೊಡೆದು ಫಲವಿಲ್ಲ.

ಬೇರಿನ ಕೊಳೆ ಇದಕ್ಕಿಂತ ಕ್ರೂರ. ಮಣ್ಣು ಒದ್ದೆಯಾಗಿದ್ದರೂ ಗಿಡ ಬಾಡುತ್ತದೆ. ನೀರು ಸಾಲದೆಂದು ಇನ್ನಷ್ಟು ಹೊಯ್ದರೆ ಬೇಗ ಸಾಯುತ್ತದೆ. ಕಾರಣ ಫೈಟಾಫ್ತೊರಾ, ನಮ್ಮ ಮಲೆನಾಡಿನ ಅಡಿಕೆಗೆ ಕೊಳೆರೋಗ ತರುವ ಅದೇ ಕುಲ. ಅಜೇಲಿಯಾದ ಬೇರು ಕೂದಲಿನಷ್ಟು ನವಿರು, ಮೇಲ್ಮಣ್ಣಿನಲ್ಲೇ ಹರಡುತ್ತದೆ. ಆದ್ದರಿಂದ ಆಳಕ್ಕೆ ನೆಡದೆ, ನೀರು ಬಸಿಯುವ ಏರುಮಡಿಯಲ್ಲಿ ಕೂರಿಸುವುದೇ ಮದ್ದು. ಇನ್ನು ಎಲೆಯ ಕಾಟಗಳು. ಚಿಗುರೆಲೆ ಉಬ್ಬಿ ದಪ್ಪಗಾದರೆ, ಮೇಲೆ ಬಿಳಿ ಪುಡಿ ಕಟ್ಟುವ ಮೊದಲೇ ಚಿವುಟಿ ಎಸೆದರೆ ಸಾಕು. ಎಲೆಯ ಮೇಲ್ಭಾಗ ಬೂದುಚುಕ್ಕೆಯಾಗಿ ಕಳೆಗುಂದಿ, ಅಡಿಯಲ್ಲಿ ಟಾರಿನಂಥ ಕಪ್ಪು ಹಿಕ್ಕೆ ಕಂಡರೆ ಅದು ಜಾಲರಿ ರೆಕ್ಕೆಯ ತಿಗಣೆ. ಉರಿಬಿಸಿಲಿನ ಗಿಡಗಳಿಗೆ ಅದರ ಕಾಟ ಹೆಚ್ಚು.

ಬೆಂಗಳೂರಿನಲ್ಲಿ ಅಜೇಲಿಯಾವನ್ನು ಕುಂಡದಲ್ಲಿ ಬೆಳೆಸುವವರು ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ರೋಗವೆಂದು ಗಾಬರಿಯಾಗುತ್ತಾರೆ. ಅದು ಬಹುತೇಕ ಗಡಸು ಬೋರ್‌ವೆಲ್ ನೀರಿನ ಫಲ. ಈ ಗಿಡಕ್ಕೆ ಪಿಎಚ್ 4.5ರಿಂದ 6ರವರೆಗಿನ ಹುಳಿಮಣ್ಣು ಬೇಕು. ಮಣ್ಣು ಕ್ಷಾರವಾದಂತೆ ಕಬ್ಬಿಣಾಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಮಳೆನೀರು ಹಿಡಿದಿಟ್ಟು ಹಾಕಿದರೆ ಹೊಸ ಚಿಗುರು ಹಸಿರಾಗಿ ಬರುತ್ತದೆ.