ಹದಿಹರೆಯದ ಪಾಠ: ಪೋಷಕರು ಬೇಡವೆಂದರೆ

ಬೋಧನಾಭ್ಯಾಸಕ್ಕೆ ಹೊರಡುವ ಮುನ್ನ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಪಾಠ ಹಂಚಿಕೊಳ್ಳುವಾಗ 8ನೇ ತರಗತಿಯ ಹದಿಹರೆಯದ ಪಾಠ ಕೊನೆಯವರೆಗೂ ಉಳಿದಿರುತ್ತದೆ. ಜೀವಕೋಶಕ್ಕೆ ನಾಲ್ವರು ಕೈಯೆತ್ತಿದರೆ ಇದಕ್ಕೆ ಯಾರೂ ಇಲ್ಲ. ಮಕ್ಕಳು ನಗುತ್ತಾರೆ ಎಂಬ ಅಳುಕು ಹಳೆಯದು. ಈಚೆಗೆ ನನಗೆ ಹೆಚ್ಚಾಗಿ ಬರುವ ಪ್ರಶ್ನೆ ಬೇರೆ: "ಮೇಡಂ, ಪೋಷಕರು ಬೇಡ ಅಂದರೆ ಏನು ಮಾಡೋದು?" ಇದಕ್ಕೆ ಕಾನೂನಿನಲ್ಲಿ ಒಂದು ಉತ್ತರವಿದೆ, ತರಗತಿಯಲ್ಲಿ ಇನ್ನೊಂದಿದೆ. ಎರಡನ್ನೂ ತಿಳಿದಿರಬೇಕು.

ಹೋದ ವರ್ಷ ಕಾಡುಗೋಡಿ ಸುತ್ತಿನ ಎರಡು ಶಾಲೆಗಳಲ್ಲಿ ನಾನು ಪಾಠ ಅವಲೋಕನ ಮಾಡಿದೆ. ಒಂದು ಸರ್ಕಾರಿ ಶಾಲೆ. ಅಲ್ಲಿನ ಮಕ್ಕಳ ತಂದೆತಾಯಂದಿರು ಕಟ್ಟಡ ಕೆಲಸ, ಕಾರ್ಖಾನೆ ಕೆಲಸ, ಅಪಾರ್ಟ್‌ಮೆಂಟ್ ಮನೆಗೆಲಸ ಮಾಡುವವರು. ಯಾದಗಿರಿ, ರಾಯಚೂರು ಕಡೆಯಿಂದ ಬಂದವರು ಬಹಳ ಮಂದಿ. ಮನೆಯಲ್ಲಿ ತೆಲುಗು, ತಮಿಳು, ಒಡಿಯಾ ಆಡುವವರೂ ಇದ್ದಾರೆ. ಇನ್ನೊಂದು ಖಾಸಗಿ ಶಾಲೆ, ಐಟಿಪಿಎಲ್ ಕಡೆ ದುಡಿಯುವವರ ಮಕ್ಕಳದು. ಮೊದಲ ಶಾಲೆಯಲ್ಲಿ ಒಬ್ಬ ತಾಯಿ ನಮ್ಮ ಪ್ರಶಿಕ್ಷಣಾರ್ಥಿಯನ್ನು ಗೇಟಿನಲ್ಲೇ ನಿಲ್ಲಿಸಿ, "ನಮ್ಮ ಹುಡುಗಿಗಿ ಈ ಪಾಠ ಬ್ಯಾಡ್ರಿ ಮೇಡಂ, ಅವತ್ತು ಶಾಲಿಗಿ ಕಳಸಂಗಿಲ್ಲ" ಎಂದರು. ಎರಡನೆಯದರಲ್ಲಿ ಒಬ್ಬ ತಂದೆ ಪುಸ್ತಕದಲ್ಲಿರುವುದು ಸಾಲದು, ಮೊಬೈಲಿನಲ್ಲಿ ಮಕ್ಕಳು ಏನು ನೋಡುತ್ತಾರೆ ಎಂಬುದನ್ನೂ ಮಾತಾಡಿ ಎಂದು ಇಮೇಲ್ ಬರೆದರು. ಒಬ್ಬರಿಗೆ ಕಡಿಮೆ ಬೇಕು, ಇನ್ನೊಬ್ಬರಿಗೆ ಹೆಚ್ಚು ಬೇಕು. ಏನು ಕಲಿಸಬೇಕೆಂದು ಹೇಳುವ ಅಧಿಕಾರ ತಮಗಿದೆ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಅನುಮಾನವಿರಲಿಲ್ಲ.

ಹಾಗೆ ಅಂದುಕೊಳ್ಳುವುದಕ್ಕೆ ಆಧಾರ ಇಲ್ಲದಿಲ್ಲ. ಶಾಲೆಯ ವಿಷಯದಲ್ಲಿ ಪೋಷಕರ ಒಪ್ಪಿಗೆಯ ಮಾತು ಸಂವಿಧಾನದ 28ನೇ ವಿಧಿಯಲ್ಲೇ ಇದೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಅಂಥ ಬೋಧನೆ ಇದ್ದರೂ ಪೋಷಕರ ಸಮ್ಮತಿಯಿಲ್ಲದೆ ಚಿಕ್ಕ ಮಕ್ಕಳನ್ನು ಅದರಲ್ಲಿ ಕೂರಿಸುವಂತಿಲ್ಲ. ಇನ್ನೊಂದು ಮಾಧ್ಯಮದ ಪ್ರಶ್ನೆ. ಪ್ರಾಥಮಿಕ ಹಂತದಲ್ಲಿ 1ರಿಂದ 4ನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲಿ ಕಲಿಸಬೇಕೆಂಬ 1994ರ ಆದೇಶದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2014ರ ಮೇ 6ರಂದು ತೀರ್ಪು ಕೊಟ್ಟಿತು. ಮಾಧ್ಯಮದ ಆಯ್ಕೆ ಮಗುವಿನ ಹಕ್ಕು, ಮಗುವಿನ ಪರವಾಗಿ ಅದನ್ನು ಪೋಷಕರು ಚಲಾಯಿಸಬಹುದು, ಸರ್ಕಾರ ಮಾತೃಭಾಷೆಯನ್ನು ಹೇರಲಾಗದು ಎಂದಿತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನ್ನಂಥವರಿಗೆ ಆ ತೀರ್ಪು ಇಂದಿಗೂ ಚುಚ್ಚುತ್ತದೆ, ಅದಿರಲಿ. ಇಲ್ಲಿ ಗಮನಿಸಬೇಕಾದದ್ದು "ಮಗುವಿನ ಪರವಾಗಿ" ಎಂಬ ಮಾತನ್ನು. ಹಕ್ಕು ಮಗುವಿನದು, ಪೋಷಕರು ಅದನ್ನು ನೋಡಿಕೊಳ್ಳುವವರು.

ವಿಜ್ಞಾನ ಪುಸ್ತಕದ ಪಾಠ ಈ ಎರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ 8ನೇ ತರಗತಿವರೆಗಿನ ಪಠ್ಯಕ್ರಮ ನಿಗದಿಮಾಡುವುದು ಸರ್ಕಾರ ಹೆಸರಿಸಿದ ಶೈಕ್ಷಣಿಕ ಪ್ರಾಧಿಕಾರ. ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಆದರೆ ಎಸ್‌ಡಿಎಂಸಿ ಠರಾವು ಮಾಡಿ ಪಾಠ ಕೈಬಿಡಿಸಲು ಬರುವುದಿಲ್ಲ. ಮಗುವನ್ನು ಭಯ, ಆಘಾತ, ಆತಂಕಗಳಿಂದ ದೂರವಿಡಬೇಕು ಎಂಬ ಮಾತೂ ಅದೇ 29ನೇ ಸೆಕ್ಷನ್‌ನಲ್ಲಿದೆ. ಮೊದಲ ಮುಟ್ಟನ್ನು ರೋಗವೆಂದು ತಿಳಿದು ಅತ್ತ ಹುಡುಗಿಯರನ್ನು ಕಂಡ ಶಿಕ್ಷಕಿಗೆ ಈ ಸಾಲಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಸರ್ಕಾರ ಯಾವಾಗಲೂ ಕಲಿಸುವವರ ಪಕ್ಷ ಎಂದುಕೊಳ್ಳಬೇಡಿ. ಎಚ್‌ಐವಿ ಜಾಗೃತಿಯೂ ಸೇರಿದ್ದ ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ತಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ತಕರಾರು ಹೆಚ್ಚಾಗಿ ಎದ್ದದ್ದು ಶಿಕ್ಷಕರಿಗೆ ಕೊಟ್ಟ ಸಾಮಗ್ರಿಯಲ್ಲಿನ ಚಿತ್ರಗಳ ಮೇಲೆ. ನಮ್ಮ ಸಂಸ್ಕೃತಿಗೆ ಒಗ್ಗದು ಎಂಬ ಮಾತು ಅದರ ಜೊತೆಗೆ ಬಂತು. ಅಂದು ಮುಂದೆ ನಿಂತು ಮಾತಾಡಿದವರಲ್ಲಿ ರಾಜಕಾರಣಿಗಳು, ಸಂಘಟನೆಗಳವರು ಇದ್ದರು. ಗೇಟಿನಲ್ಲಿ ನಿಂತು ಕೇಳಿದ ತಾಯಿಯಂಥವರನ್ನು ಕರೆದು ಯಾರೂ ಪುಸ್ತಕ ತೋರಿಸಲಿಲ್ಲ ಎಂಬುದು ನನ್ನ ಅನಿಸಿಕೆ. ಇಂದು 8ನೇ ತರಗತಿಯಲ್ಲಿ ಹದಿಹರೆಯ, 10ನೇ ತರಗತಿಯಲ್ಲಿ ಸಂತಾನೋತ್ಪತ್ತಿ ಪಾಠವಾಗಿಯೇ ಇವೆ.

ಪೋಷಕರ ಮಾತು ಪೂರ್ತಿ ನಿಲ್ಲುವ ಒಂದು ಜಾಗವನ್ನು ಪ್ರಶಿಕ್ಷಣಾರ್ಥಿಗಳು ಬಾಯಿಪಾಠ ಮಾಡಿಕೊಂಡಿರಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ಹೇಳಲೇಬೇಕು. ಹೇಳದಿದ್ದರೆ ಅದೇ ಅಪರಾಧ. "ಮನೆಯ ಮರ್ಯಾದೆ ಹೋಗುತ್ತೆ, ಬಿಟ್ಟುಬಿಡಿ ಟೀಚರ್" ಎಂಬ ಬೇಡಿಕೆಗೆ ಇಲ್ಲಿ ಎಡೆಯಿಲ್ಲ. ಈ ಪಾಠ ನಡೆದ ದಿನವೇ ಮಗು ಬಾಯಿಬಿಡುವುದು ಹೆಚ್ಚು, ಏಕೆಂದರೆ ಹೇಳಿಕೊಳ್ಳಲು ಅದಕ್ಕೆ ಪದಗಳು ಸಿಕ್ಕಿರುತ್ತವೆ. ದೌರ್ಜನ್ಯ ಮಾಡುವವರು ಬಹಳ ಸಲ ಪರಿಚಿತರೇ, ಕೆಲವೊಮ್ಮೆ ಮನೆಯೊಳಗಿನವರೇ. ಪಾಠಕ್ಕೆ ಮನೆಯವರ ಅನುಮತಿ ಕಡ್ಡಾಯ ಮಾಡಬಾರದು ಎಂದು ನಾನು ವಾದಿಸುವುದು ಈ ಕಾರಣಕ್ಕೆ.

ಅನುಮತಿ ಕೇಳಬೇಕಿಲ್ಲ, ತಿಳಿಸಬೇಕು. ಸರ್ಕಾರಿ ಶಾಲೆಯಲ್ಲಿ ಮಾಡಿದ್ದು ಇಷ್ಟೇ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಕೆಲಸ ಮುಗಿಸಿ ಬರುವ ಹೊತ್ತಿಗೆ, ಸಂಜೆ ಆರಕ್ಕೆ, ತಾಯಂದಿರನ್ನು ಕರೆದೆವು. ಬಂದವರು ಏಳು ಮಂದಿ. ಪ್ರಶಿಕ್ಷಣಾರ್ಥಿ ಭಾಷಣ ಮಾಡಲಿಲ್ಲ. ಪುಸ್ತಕ ತೆರೆದು ಪುಟ ಪುಟ ತೋರಿಸಿ, ಎಲ್ಲಿ ಏನಿದೆ ಎಂದು ಓದಿ ಹೇಳಿದಳು. ದನಿ ಒಡೆಯುವುದು, ಮೊಡವೆ, ಹಾರ್ಮೋನು, ಮುಟ್ಟು, ಊಟ, ಸ್ವಚ್ಛತೆ. "ಇಷ್ಟೇ ಏನ್ರಿ?" ಎಂದು ಗೇಟಿನ ಆ ತಾಯಿಯೇ ಕೇಳಿದರು. ಅವರು ಏನೆಲ್ಲ ಊಹಿಸಿಕೊಂಡಿದ್ದರೋ! ಆಮೇಲೆ ಅವರಿಂದ ಬಂದ ಪ್ರಶ್ನೆ ನನಗೆ ಮುಖ್ಯವೆನಿಸಿತು: ಹುಡುಗರೂ ಜೊತೆಗೇ ಕೂರುತ್ತಾರೆಯೇ? ಕೂರಬೇಕು ಎಂದು ನಾನು ಹೇಳಿದೆ. ಬಟ್ಟೆಯ ಮೇಲಿನ ಕಲೆ ನೋಡಿ ನಗುವವರು ಅವರೇ ತಾನೇ. ಇಬ್ಬರು ತಾಯಂದಿರು ಒಪ್ಪಲಿಲ್ಲ. ಪಾಠ ಒಟ್ಟಿಗೆ, ಪ್ರಶ್ನೋತ್ತರ ಬೇರೆ ಬೇರೆ ಎಂಬಲ್ಲಿಗೆ ಮಾತು ನಿಂತಿತು. ಪಾಠಯೋಜನೆಯಲ್ಲಿ ಆ ಬದಲಾವಣೆಯನ್ನು ಬರೆದುಕೊಂಡೆವು. ಪಠ್ಯವಸ್ತು ಪೂರ್ತಿ ಉಳಿಯಿತು, ಕಲಿಸುವ ರೀತಿಯಲ್ಲಿ ಮಾತ್ರ ಪೋಷಕರ ಮಾತು ನಡೆಯಿತು. ಖಾಸಗಿ ಶಾಲೆಯ ತಂದೆಗೂ ಇದೇ ಉತ್ತರ ಹೋಯಿತು: ಪುಸ್ತಕದ ಆಚೆಗಿನದನ್ನು ಪ್ರಶಿಕ್ಷಣಾರ್ಥಿ ತಾನೇ ಸೇರಿಸುವಂತಿಲ್ಲ, ಶಾಲೆಯ ಆಪ್ತಸಮಾಲೋಚಕರ ಜೊತೆ ಮಾತಾಡಿ ಎಂದು.

ಪಾಠದ ದಿನ ಗೇಟಿನ ತಾಯಿಯ ಮಗಳು ಮೊದಲ ಬೆಂಚಿನಲ್ಲಿದ್ದಳು. ಇನ್ನೊಬ್ಬ ಹುಡುಗಿ ಬರಲಿಲ್ಲ. ಅವಳ ಮನೆಯಿಂದ ಸಭೆಗೂ ಯಾರೂ ಬಂದಿರಲಿಲ್ಲ. ಮರುದಿನ ಬಂದವಳನ್ನು ಪ್ರತ್ಯೇಕ ಕೂರಿಸಿ ಹೇಳಿಕೊಡಲೇ ಎಂದು ಪ್ರಶಿಕ್ಷಣಾರ್ಥಿ ಕೇಳಿದಳು. ಪುಸ್ತಕ ಅವಳ ಚೀಲದಲ್ಲೇ ಇದೆ, ಅವಳಾಗಿ ಕೇಳಿದರೆ ಏನನ್ನೂ ಮುಚ್ಚಿಡದೆ ಹೇಳು ಎಂದೆ. ಕೇಳುವವರೆಗೆ ಕಾಯಬಾರದು, ತಪ್ಪಿದ ಯಾವುದೇ ಪಾಠದಂತೆ ಇದನ್ನೂ ಮಾಡಿ ಮುಗಿಸಬೇಕು ಎಂಬುದು ಮಾರ್ಗದರ್ಶಕ ಶಿಕ್ಷಕರ ಅಭಿಪ್ರಾಯ. ಮುಂದಿನ ತಂಡ ಹೊರಡುವ ಮೊದಲಿನ ಚರ್ಚೆಗೆ ಈ ಪ್ರಶ್ನೆಯನ್ನು ಇಟ್ಟಿದ್ದೇವೆ.