ಬಿರುಗಾಳಿ ಎದುರಾದಾಗ ಯಾರ ಮಾತು ನಡೆಯುತ್ತದೆ?

ಪ್ರಶ್ನೆ: ಗುಡುಗುಮೋಡ ಕಂಡರೆ ಪೈಲಟ್ ತನಗೆ ಬೇಕಾದತ್ತ ವಿಮಾನ ತಿರುಗಿಸಬಹುದೇ?

ಉತ್ತರ: ಸಾಮಾನ್ಯವಾಗಿ ಅನುಮತಿ ಬೇಕು. ಮುಂದಿರುವ ಮೋಡವನ್ನು ಪೈಲಟ್‌ಗೆ ವಿಮಾನದ ಮೂತಿಯಲ್ಲಿರುವ ರಾಡಾರ್ ತೋರಿಸುತ್ತದೆ. ಸುತ್ತಲಿನ ವಿಮಾನಗಳ ಪೂರ್ತಿ ಚಿತ್ರವಿರುವುದು ನೆಲದ ಮೇಲಿನ ಕಂಟ್ರೋಲರ್ ಬಳಿ. ಹಾಗಾಗಿ ಎಡಕ್ಕೋ ಬಲಕ್ಕೋ ಇಷ್ಟು ಮೈಲಿ ಸರಿಯಬೇಕೆಂದು ಒಬ್ಬರು ಕೇಳುತ್ತಾರೆ, ಜಾಗ ನೋಡಿ ಇನ್ನೊಬ್ಬರು ಒಪ್ಪುತ್ತಾರೆ. ತುರ್ತಿನಲ್ಲಿ ನಿಯಮ ಮೀರುವ ಅಧಿಕಾರ ಪೈಲಟ್‌ಗೆ ಇದ್ದೇ ಇದೆ. ಆದರೆ ಮುಚ್ಚಿದ ಗಡಿಯ ಮಗ್ಗುಲಲ್ಲಿ ಅದನ್ನು ಚಲಾಯಿಸುವುದು ಸಲೀಸಲ್ಲ.

2025ರ ಮೇ 21ರಂದು ದೆಹಲಿಯಿಂದ ಶ್ರೀನಗರಕ್ಕೆ ಹೊರಟ ಇಂಡಿಗೊ ವಿಮಾನಕ್ಕೆ ಪಠಾಣ್‌ಕೋಟ್ ಬಳಿ ಆಲಿಕಲ್ಲಿನ ಮೋಡ ಎದುರಾಯಿತು. ಗಡಿಯತ್ತ ಎಡಕ್ಕೆ ಸರಿಯಲು ವಾಯುಪಡೆಯ ನಾರ್ದರ್ನ್ ಕಂಟ್ರೋಲ್ ಒಪ್ಪಲಿಲ್ಲ. ತನ್ನ ಆಕಾಶಕ್ಕೆ ಬರುವುದು ಬೇಡವೆಂದು ಪಾಕಿಸ್ತಾನದ ಲಾಹೋರ್ ಕಂಟ್ರೋಲ್ ಕೂಡ ಹೇಳಿತು. ಭಾರತ, ಪಾಕಿಸ್ತಾನಗಳೆರಡೂ ಆಗ ಪರಸ್ಪರರ ವಿಮಾನಗಳಿಗೆ ತಮ್ಮ ಆಕಾಶ ಮುಚ್ಚಿದ್ದವು.

ಹಿಂದಿರುಗೋಣವೆಂದರೆ ಮೋಡ ತೀರಾ ಹತ್ತಿರ!

ಒಳಹೊಕ್ಕ ವಿಮಾನದ ಆಟೋಪೈಲಟ್ ಕೈಕೊಟ್ಟಿತು. ಒಂದು ಹಂತದಲ್ಲಿ ವಿಮಾನ ನಿಮಿಷಕ್ಕೆ 8,500 ಅಡಿಯಂತೆ ಕೆಳಗಿಳಿಯಿತು. ಪೈಲಟ್‌ಗಳು ಅದನ್ನು ಕೈಯಿಂದಲೇ ನಡೆಸಿ ಹೊರತಂದರು. ಬಳಿಕ ಶ್ರೀನಗರಕ್ಕೆ ‘ಪ್ಯಾನ್ ಪ್ಯಾನ್’ ಕರೆ ಹೋಯಿತು, ಅಂದರೆ ಮೇಡೇಗಿಂತ ಒಂದು ಮೆಟ್ಟಿಲು ಕೆಳಗಿನ ತುರ್ತು. ಕಂಟ್ರೋಲರ್ ರಾಡಾರ್ ನೋಡಿ ದಿಕ್ಕು ಹೇಳುತ್ತಾ ಹೋದರು, ವಿಮಾನ ಇಳಿಯಿತು. ಮೂತಿ ಒಡೆದಿತ್ತು, ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರಲ್ಲಿ ಯಾರಿಗೂ ಗಾಯವಾಗಿರಲಿಲ್ಲ.